ಮದುವೆಯ ದಿನದ ಅಳತೆ

ನಾನು ದಪ್ಪ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ನಿಮ್ಮ ಕಿವಿಯಲ್ಲಿ ಊದುವುದು ಬೇಡ. ಮೈಕೈ ತುಂಬಿಕೊಂಡವಳು, ದುಂಡಗಿರುವವಳು ಎಂಬ ಬೆಣ್ಣೆ ಮಾತೆಲ್ಲ ನನಗೆ ಸಾಲುವುದಿಲ್ಲ. ಬೊರಿವಲಿಯ ನಮ್ಮ ಬಿಲ್ಡಿಂಗಿನ ಲಿಫ್ಟಿಗೆ ನಾನು ಹತ್ತಿದರೆ ಉಳಿದವರು "ನೀವು ಹೋಗಿ, ನಾವು ಆಮೇಲೆ ಬರ್ತೇವೆ" ಎಂದು ಮರ್ಯಾದೆಯಿಂದ ಹಿಂದೆ ಸರಿಯುತ್ತಾರೆ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವಳು ಅರ್ಧ ಕೂತು ಹೋಗುವುದು ಈ ಊರಿನ ಕಾನೂನು. ನಾನು ಕೂತ ಸೀಟಿನಲ್ಲಿ ಆ ಕಾನೂನು ನಡೆಯುವುದಿಲ್ಲ. ಆನೆ ನಡೆದದ್ದೇ ದಾರಿ. ಡಾಕ್ಟರು ಕಂಪ್ಯೂಟರಿನಲ್ಲಿ ಒಂದು ಕೆಂಪು ಗೆರೆ ತೋರಿಸಿ, ನಾನು ಅದರಿಂದ ಎಷ್ಟು ಮೇಲಿದ್ದೇನೆ ಎಂದು ಬಹಳ ಹೊತ್ತು ವಿವರಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮಂಡಿನೋವು, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮೂಗಿಗೆ ಹಾಕಿಕೊಳ್ಳುವ ಮೆಶೀನು, ಎಲ್ಲವೂ ನನ್ನ ಬಳಿ ಉಂಟು. ಆಪರೇಶನ್ ಮಾಡಿಸುವ ಎಂದೂ ಹೇಳಿದ್ದಾರೆ. ಮಗಳ ಮದುವೆ ಮುಗಿಯಲಿ ಎಂದಿದ್ದೇನೆ.

ಹುಟ್ಟುವಾಗಲೇ ನಾನು ಹೀಗಿದ್ದವಳಲ್ಲ. ಉಡುಪಿಯ ಹತ್ತಿರದಿಂದ ಮದುವೆಯಾಗಿ ಮುಂಬಯಿಗೆ ಬಂದಾಗ ನನ್ನ ಹೊಸ ಸೀರೆಗಳಿಗೇ ನನಗಿಂತ ಹೆಚ್ಚು ತೂಕವಿತ್ತು. ಗಂಡ ಸದಾನಂದರದ್ದು ಫೋರ್ಟಿನಲ್ಲಿ ಹೋಟೆಲು. ಮಾವ ತೀರಿಕೊಂಡ ಮೇಲೆ ಗಲ್ಲೆಯಲ್ಲಿ ಕೂತು ದುಡ್ಡು ತೆಗೆದುಕೊಳ್ಳಲು ನಂಬಿಕೆಯ ಜನ ಬೇಕೆಂದು ನನ್ನನ್ನು ಕೂರಿಸಿದರು. ಆವತ್ತು ಕೂತವಳು ಕೂತೇ ಇದ್ದೇನೆ. ಬೆಳಿಗ್ಗೆ ಟ್ರೇನಿನಲ್ಲಿ ಕೂತು ಚರ್ಚ್‌ಗೇಟಿಗೆ, ಇಡೀ ದಿನ ಗಲ್ಲೆಯಲ್ಲಿ, ಸಂಜೆ ಮತ್ತೆ ಕೂತು ಬೊರಿವಲಿಗೆ. ಮಧ್ಯಾಹ್ನ ಆಫೀಸಿನವರು ನುಗ್ಗುವುದರಿಂದ ನಮ್ಮ ಊಟ ಅವರೆಲ್ಲ ಹೋದ ಮೇಲೆ, ಮಿಕ್ಕಿದ ಪೂರಿ, ಮಿಕ್ಕಿದ ಶಿರಾ. ಮನೆಗೆ ಬಂದು ಮಲಗುವ ಹೊತ್ತಿಗೆ ಇನ್ನೊಂದು ಊಟ.

ಆ ಗಲ್ಲೆಯಲ್ಲಿ ಕೂತು ನಾನು ಈ ಊರೇ ದಪ್ಪವಾಗುವುದನ್ನು ನೋಡಿದ್ದೇನೆ. ನಾನು ಕೂತ ಹೊಸತರಲ್ಲಿ ಒಂದು ಬೆಂಚಿಗೆ ಮೂವರು ಗುಮಾಸ್ತರು ಕೂತು, ನಾಲ್ಕನೆಯವನನ್ನೂ ಕರೆಯುತ್ತಿದ್ದರು. ಈಗ ಇಬ್ಬರು ಕೂತರೆ ಮೂರನೆಯವನು ನಿಂತು ಕಾಫಿ ಕುಡಿಯುತ್ತಾನೆ. ಬ್ಯಾಂಕಿನವರು, ಕೋರ್ಟಿನ ವಕೀಲರು, ಕಾಲೇಜು ಬಿಟ್ಟು ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯರು, ಎಲ್ಲರೂ ನನ್ನ ಕಣ್ಣೆದುರೇ ಅಗಲವಾದರು. ನಮ್ಮವರು ಕೈಯಿರುವ ಕುರ್ಚಿಗಳನ್ನೆಲ್ಲ ತೆಗೆದು ಕೈಯಿಲ್ಲದವನ್ನು ಹಾಕಿಸಿದರು. ಯಾಕೆಂದು ಒಬ್ಬ ಗಿರಾಕಿಯೂ ಕೇಳಲಿಲ್ಲ, ಎಲ್ಲರೂ ಆರಾಮವಾಗಿ ಕೂತರು.

ನನಗೆ ನನ್ನ ಮೈಯ ಬಗ್ಗೆ ನಾಚಿಕೆಪಡುವುದಕ್ಕೆ ಪುರುಸೊತ್ತು ಇರಲಿಲ್ಲ. ಚಾಳಿನ ಒಂದು ಖೋಲಿಯಿಂದ ಫ್ಲ್ಯಾಟಿಗೆ ಬಂದದ್ದು, ಮಗಳು ಯಕ್ಷಿತಾ ಆರ್ಕಿಟೆಕ್ಟ್ ಆದದ್ದು, ಎಲ್ಲ ಆ ಗಲ್ಲೆಯಲ್ಲಿ ಕೂತದ್ದರಿಂದಲೇ. ನಿಂಬೆಹಣ್ಣು ಜೇನು ಕುಡಿಯಿರಿ ಎಂದು ಹೇಳಲು ಬಂದವರಿಗೆ ನಾನು ಬಿಲ್ ಕೊಟ್ಟು ಕಳಿಸುತ್ತೇನೆ. ಆದರೆ ಒಂದೇ ಒಂದು ವಿಷಯಕ್ಕೆ ಮಾತ್ರ ನನ್ನ ತಲೆ ತಗ್ಗುತ್ತಿತ್ತು. ಅದು ಗಾಜಿನ ಬಳೆ.

ಯಕ್ಷಿತಾ ಸಣ್ಣವಳಿದ್ದಾಗ ನನ್ನ ಕೈತುಂಬ ಗಾಜಿನ ಬಳೆ ಇರುತ್ತಿದ್ದವು. ನಾನು ಸಂಜೆ ಮೆಟ್ಟಿಲು ಹತ್ತಿ ಬರುವಾಗಲೇ ಅವುಗಳ ಸದ್ದು ಒಳಗೆ ಹೋಗಿ ಮುಟ್ಟುತ್ತಿತ್ತು. ಓದದೆ ಟೀವಿ ನೋಡುತ್ತ ಬಿದ್ದಿರುತ್ತಿದ್ದ ಈ ಹುಡುಗಿ ಸದ್ದು ಕೇಳಿದ ಕೂಡಲೇ ಟೀವಿ ಬಂದ್ ಮಾಡಿ ಪುಸ್ತಕ ಬಿಡಿಸಿ ಕೂರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು "ಪುಸ್ತಕ ತೆಗಿ" ಎನ್ನುವಷ್ಟರಲ್ಲಿ ಪುಸ್ತಕ ತೆಗೆದೇ ಇರುತ್ತಿತ್ತು. ಟೀವಿಯ ಬೆನ್ನು ಮುಟ್ಟಿ ನೋಡಿದರೆ ಮಾತ್ರ ಬಿಸಿ. ಆಮೇಲೆ ನನ್ನ ಕೈ ದಪ್ಪವಾಗುತ್ತ ಬಂತು. ಬಳೆಗಳು ಮೊದಲು ಬಿಗಿಯಾದವು, ಆಮೇಲೆ ಒಂದರ ಮೇಲೊಂದು ಒತ್ತಿಕೊಂಡು ಅಲ್ಲಾಡದೆ ಕೂತವು, ಒಂದು ದಿನ ಏರುವುದೇ ನಿಂತಿತು. ಆವತ್ತು ನಾನು ಬಾಗಿಲಲ್ಲಿ ನಿಂತಿದ್ದರೂ ಮಗಳು ಟೀವಿ ನೋಡುತ್ತಲೇ ಇದ್ದಳು. ತಿರುಗಿ ನೋಡಿ ಬೆಚ್ಚಿಬಿದ್ದಳು. "ಅಮ್ಮಾ, ನಿನ್ನ ಆವಾಜ್ ಎಲ್ಲಿ ಹೋಯ್ತು?" ಎಂದು ಕೇಳಿದಳು. ನಾನು ಬೈಯಲೂ ಇಲ್ಲ, ಒಳಗೆ ಹೋಗಿ ಅಕ್ಕಿ ತೊಳೆದೆ. ಅಂದಿನಿಂದ ನನ್ನ ಕೈಯಲ್ಲಿ ತಿರುಪು ಬಿಚ್ಚಿ ಹಾಕುವ ಚಿನ್ನದ ಬಳೆ ಒಂದೊಂದೇ.

ಈಗ ಆ ಹುಡುಗಿಗೆ ಮದುವೆ ನಿಶ್ಚಯವಾಯಿತು. ಗೋರೆಗಾಂವಿನಲ್ಲಿ ಹಾಲ್ ಬುಕ್ ಆಯಿತು. ಸೀರೆ ತಂದ ದಿನ ನಮ್ಮವರ ತಂಗಿ ಅಕ್ಕು ನನ್ನ ಪಕ್ಕದಲ್ಲಿ ಬಂದು ಕೂತಳು. ಅಕ್ಕು ಕೆಟ್ಟವಳಲ್ಲ. ಒಳ್ಳೆಯದು ಮಾಡುತ್ತೇನೆ ಎಂದು ಹೊರಟು ಪೆಟ್ಟು ಕೊಡುವ ಜಾತಿ.

"ಅತ್ತಿಗೆ, ಬೇಜಾರು ಮಾಡ್ಕೊಳ್ಬೇಡಿ. ಧಾರೆಯ ಹೊತ್ತಿಗೆ ಅಷ್ಟು ಹೊತ್ತು ನಿಲ್ಲಿಕ್ಕೆ ನಿಮ್ಮಿಂದ ಆಗ್ಲಿಕ್ಕಿಲ್ಲ. ಕೈಯಲ್ಲಿ ಗಾಜಿನ ಬಳೆ ಸಹ ಇಲ್ಲ. ಗಂಡಿನ ಕಡೆಯವ್ರು ನೋಡ್ತಾರಲ್ಲ. ನಾನೂ ನಮ್ಮವ್ರೂ ಸೇರಿ ಧಾರೆ ಎರೆದ್ರೆ ಆಗುದಿಲ್ವಾ? ನೀವು ಎದುರು ಸೋಫಾದಲ್ಲಿ ಆರಾಮ ಕೂತು ನೋಡಿ."

ನಮ್ಮಲ್ಲಿ ಮದುಮಗಳ ಕೈಯನ್ನು ಗಂಡಿನ ಕೈಯಲ್ಲಿಟ್ಟು ಗಿಂಡಿಯಿಂದ ನೀರು ಬಿಡುವುದು ಅಪ್ಪ ಅಮ್ಮ. ಬೇರೆ ಜೋಡಿ ಎರೆಯುವುದು ಯಾವಾಗ ಎಂದರೆ, ತಾಯಿ ವಿಧವೆಯಾಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ. ನಾನು ಇದ್ದೇನೆ. ದೂರದಿಂದ ನೋಡಿದರೂ ಗೊತ್ತಾಗುವಷ್ಟು ಇದ್ದೇನೆ. ಅಲ್ಲೇ ಕೂತಿದ್ದ ನಮ್ಮವರು ಏನಾದರೂ ಹೇಳುತ್ತಾರೋ ಎಂದು ಕಾದೆ. ಇವರು ಫ್ಯಾನು ನೋಡಿದರು.

"ನೋಡುವ, ಇನ್ನೂ ದಿನ ಉಂಟಲ್ಲ," ಎಂದರು ಫ್ಯಾನಿಗೆ.

"ನೋಡುದು ಎಂತದ್ದು ಇಲ್ಲ," ಎಂದೆ. "ಹಸಿರು ಗಾಜಿನ ಬಳೆ ಇಟ್ಕೊಂಡು, ನಿಂತು, ನಾನೇ ಎರೆಯುದು. ಬಳೆ ಏರದಿದ್ರೆ ಗಿಂಡಿ ನಿನ್ನ ಕೈಗೆ, ಅಕ್ಕು. ಆಮೇಲೆ ಒಂದು ಮಾತು ಸಹ ಆಡುದಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಆಡಿದ ಮಾತು ಒಡೆದ ಮುತ್ತು, ಎರಡೂ ಹಿಂದೆ ಬರುವುದಿಲ್ಲ.

ನಿಲ್ಲುವುದು ನನ್ನ ಕೈಯಲ್ಲಿತ್ತು. ಮಂಡಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿಯ ಹತ್ತಿರ ಹೋಗಿ ಕಲಿತೆ. ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ, ಆಮೇಲೆ ಹಿಡಿಯದೆ ನಿಂತೆ. ಕೊನೆಗೆ ಗಲ್ಲೆಯಲ್ಲಿಯೂ ನಡುನಡುವೆ ಎದ್ದು ನಿಂತು ದುಡ್ಡು ತೆಗೆದುಕೊಳ್ಳತೊಡಗಿದೆ. ಹಳೆಯ ಗಿರಾಕಿಗಳು ಗಾಬರಿಯಾಗಿ "ಏನಕ್ಕ, ಹೊರಟ್ರಾ?" ಎಂದು ಕೇಳುತ್ತಿದ್ದರು. "ಇಲ್ಲ, ಬಂದೆ," ಎನ್ನುತ್ತಿದ್ದೆ.

ಬಳೆ ಮಾತ್ರ ನನ್ನ ಕೈಯಲ್ಲಿರಲಿಲ್ಲ. ಅದು ಅಮೀನಾಳ ಕೈಯಲ್ಲಿತ್ತು. ಗೋರೆಗಾಂವ್ ಸ್ಟೇಷನ್ನಿನ ಹತ್ತಿರ ಅವರದ್ದು ಬಳೆ ಅಂಗಡಿ. ಗುಳೇದಗುಡ್ಡದ ಕಡೆಯ ಜನ. ಗಂಡ ಕರೀಮಸಾಬ ಹಾಕಿದ ಅಂಗಡಿಯನ್ನು ಅವನು ಹೋದ ಮೇಲೆ ಮಗ ಮುಜಾಹಿದ ನೋಡಿಕೊಳ್ಳುತ್ತಾನೆ. ಕನ್ನಡದವರ ಮನೆಯಲ್ಲಿ ಮದುವೆ ಇದ್ದರೆ ಅಮೀನಾ ತಾನೇ ಪೆಟ್ಟಿಗೆ ಹೊತ್ತು ಬರುತ್ತಾಳೆ. ಜಂಭದ ಹೆಂಗಸು, ನನ್ನ ಹಾಗೆಯೇ. ತನ್ನ ಕೈಯಲ್ಲಿ ಬಳೆ ಒಡೆಯುವುದೇ ಇಲ್ಲ ಎಂದು ಬಡಾಯಿ ಕೊಚ್ಚುತ್ತಾಳೆ.

ಫೋನು ಮಾಡಿದೆ. ಅಕ್ಕು ಪಕ್ಕದಲ್ಲಿ ಕಿವಿ ಉದ್ದ ಮಾಡಿ ಕೂತಿದ್ದಳು.

"ಸೈಜ್ ಎಷ್ಟ್ರೀ ಅಕ್ಕಾರ?" ಎಂದು ಅಮೀನಾ ಕೇಳಿದಳು.

ಬಳೆಯ ಸೈಜು ಹೇಳುವುದರಲ್ಲಿ ನಮ್ಮ ಹೆಂಗಸರದ್ದು ಒಂದು ಪದ್ಧತಿ. ಯಾವ ವಯಸ್ಸಿನಲ್ಲಿ ಕೇಳಿದರೂ ಮದುವೆಯ ದಿನದ ಸೈಜನ್ನೇ ಹೇಳುವುದು. ರವಿಕೆಗಾದರೆ ಟೈಲರು ಟೇಪು ಹಿಡಿಯುತ್ತಾನೆ, ಅಲ್ಲಿ ಸುಳ್ಳು ನಡೆಯುವುದಿಲ್ಲ. ಬಳೆಗೆ ಬಾಯಿಮಾತೇ ಅಳತೆ. ಮೊಮ್ಮಕ್ಕಳಾದ ಮುದುಕಿಯೂ "ನಂದು ದೋ ಚಾರ್" ಎನ್ನುತ್ತಾಳೆ, ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಇಂಚು. ಬಳೆಯವಳೂ ಎದುರಾಡುವುದಿಲ್ಲ. ಏರದಿದ್ದರೆ ಮಾಲು ಸಣ್ಣದು ಬಂದಿದೆ ಎಂದು ಬಳೆಯನ್ನೇ ಬೈದು, ಸೋಪು ಹಚ್ಚಿ, ಕೈಯ ಎಲುಬು ಮಡಿಸಿ, ಹೇಗೋ ಏರಿಸುತ್ತಾಳೆ. ಕಣ್ಣಲ್ಲಿ ನೀರು ಬಂದರೂ ನಗುವುದು ನಮ್ಮ ಪಾಲಿನ ಕೆಲಸ.

"ದೋ ಛೇ," ಎಂದಿತು ನನ್ನ ನಾಲಿಗೆ, ನನ್ನನ್ನು ಕೇಳದೆ. ಮದುವೆಯ ದಿನ ನನ್ನದು ಅದೇ. ಅಮೀನಾ ನನ್ನನ್ನು ಎಷ್ಟೋ ಸಲ ಕಣ್ಣಾರೆ ಕಂಡವಳು, ಆದರೂ "ಆಯ್ತ್ರಿ" ಎಂದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಫೋನಿನಲ್ಲಿ ಅವರವರ ಮದುವೆಯ ದಿನವನ್ನೇ ಹೇಳಿದರು.

ಮದುವೆಗೆ ಎರಡು ದಿನ ಇರುವಾಗ ಬಳೆಯ ಶಾಸ್ತ್ರ. ಸೋಫಾಗಳನ್ನು ಪ್ಯಾಸೇಜಿಗೆ ತಳ್ಳಿ ಹಾಲಿನಲ್ಲಿ ಜಮಖಾನ ಹಾಸಿದ್ದೆವು. ಡೊಂಬಿವಲಿಯ ಚಿಕ್ಕಮ್ಮ, ಬಿಲ್ಡಿಂಗಿನ ಹೆಂಗಸರು, ನೆಂಟರು, ಯಕ್ಷಿತಾಳ ಆಫೀಸಿನ ಗೆಳತಿಯರು ಎಲ್ಲ ಸೇರಿದ್ದರು. ನಮ್ಮ ಮನೆಯ ಪದ್ಧತಿಯಲ್ಲಿ ಮೊದಲು ತಾಯಿಯ ಕೈಗೆ ಬಳೆ, ಆಮೇಲೆ ಮದುಮಗಳಿಗೆ. ನೆಲಕ್ಕೆ ಕೂತರೆ ಏಳಲಾಗದ ನಾನು ಸ್ಟೂಲಿನ ಮೇಲೆ ಕೂತೆ. ಅಮೀನಾ ನನ್ನ ಎದುರು ಕೂತು, ಪೆಟ್ಟಿಗೆ ಬಿಚ್ಚಿ, ನನ್ನ ಬಲಗೈ ಹಿಡಿದಳು. ಹಿಡಿದ ಕೂಡಲೇ ಅವಳ ಮುಖ ಇಳಿಯಿತು. ಆದರೂ ಒಂದು ಬಟ್ಟಲು ನೀರು, ಸೋಪು ಕೇಳಿದಳು.

ಸೋಪಿನ ನೀರು ಬಂತು. ಅವಳು ಹೆಬ್ಬೆರಳನ್ನು ಒಳಗೆ ಮಡಿಸಿ ಒತ್ತಿದಳು. ಬಳೆ ಬೆರಳಿನ ಗಂಟುಗಳ ತನಕ ಬಂದು ನಿಂತಿತು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಮತ್ತೆ ಒತ್ತಿದಳು. ನಾನು ನಗುತ್ತಲೇ ಇದ್ದೆ. ಟಕ್ ಎಂದಿತು. ಒಂದು ಒಡೆಯಿತು. ಎರಡನೆಯದು ತೆಗೆದಳು, ಅದೂ ಹೋಯಿತು. ಮೂರನೆಯದು ಒಡೆಯುವಾಗ ಚೂರು ಹೆಬ್ಬೆರಳ ಬುಡಕ್ಕೆ ಚುಚ್ಚಿ ರಕ್ತ ಬಂತು. ಶುಭಕಾರ್ಯದ ದಿನ ತಾಯಿಯ ಕೈಯ ಬಳೆ ಒಡೆಯುವುದು ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಕ್ಷಿತಾ ಎದ್ದು ಬಂದು ನನ್ನ ಭುಜ ಹಿಡಿದಳು.

"ಅಮ್ಮಾ, ಬಸ್. ಪ್ಲೀಸ್. ಬ್ಲಡ್ ಬರ್ತಾ ಇದೆ. ನನಗೆ ಬಳೆ ಗಿಳೆ ಏನೂ ಬೇಡ."

"ಸಾಕು ಅತ್ತಿಗೆ," ಎಂದು ಅಕ್ಕು ಮೆತ್ತಗೆ ಹೇಳಿದಳು. "ಧಾರೆ ನಾವೇ ಎರೀತೇವೆ. ನಿಮ್ಮ ಮನಸ್ಸಿಗೆ ಯಾಕೆ ಇಷ್ಟು ಕಷ್ಟ?"

ಗಿಂಡಿ ನನ್ನ ಕೈ ಬಿಟ್ಟು ಹೋಗುವುದನ್ನು ನಾನು ಕಣ್ಣಾರೆ ಕಂಡೆ. ದುಃಖವಾಯಿತು. ಅದಕ್ಕಿಂತ ಮೊದಲು ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಅಮೀನಾ ಚೂರುಗಳನ್ನು ಒಂದು ಪೇಪರಿನಲ್ಲಿ ಕೂಡಿಸಿಟ್ಟಳು. ಅವಳಿಗೂ ಅವಮಾನವಾಗಿತ್ತು. ಅವಳ ಜಂಭವೂ ಆ ಪೇಪರಿನಲ್ಲೇ ಇತ್ತು.

"ತಪ್ಪು ನಂದ ಐತ್ರಿ," ಎಂದಳು. "ನೀವು ದೋ ಛೇ ಅಂದ್ರಿ, ನಾ ತಂದೆ. ಹೆಣ್ಮಕ್ಕಳು ಹೇಳಿದ ಸೈಜಿಗೆ ಎದುರಾಡಬ್ಯಾಡ ಅಂತ ನಮ್ಮತ್ತಿ ಕಲಿಸ್ಯಾಳ. ಈ ಮರ್ಯಾದಿ ಇಟ್ಕೊಂಡ ಇವತ್ತ ನಿಮ್ಮ ಕೈ ಕೊಯ್ದೆ. ಈ ಪೆಟ್ಟಿಗ್ಯಾಗ ಇರೂದೆಲ್ಲಾ ಇಂಥಾ ಸೈಜ್ ಅದಾವ್ರಿ. ಯಾರ ಕೈಗೆ ಏರ್ತಾವು, ಯಾರ ಕೈಗೆ ಇಲ್ಲ, ಅಲ್ಲಾಗ ಗೊತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹಾಲಿನಲ್ಲಿದ್ದ ಕೈಗಳೆಲ್ಲ ಒಂದೇ ಸಲ ಸೆರಗಿನ ಒಳಗೆ ಹೋದವು. ನಾನು ಸ್ಟೂಲಿನ ಮೇಲೆ ಎತ್ತರದಲ್ಲಿ ಕೂತಿದ್ದೆ, ನನಗೆ ಎಲ್ಲ ಕಂಡಿತು. ಚಿಕ್ಕಮ್ಮನ ಕೈ ಹೋಯಿತು. ಬಿಲ್ಡಿಂಗಿನ ಸೆಕ್ರೆಟರಿಯ ಹೆಂಡತಿಯ ಕೈ ಹೋಯಿತು. ಮಗಳ ವಯಸ್ಸಿನ ಹುಡುಗಿಯರ ಕೈ ಸಹ ದುಪಟ್ಟಾದ ಕೆಳಗೆ ಹೋಯಿತು. ಅಕ್ಕುವಿನ ಕೈ ಎಲ್ಲರಿಗಿಂತ ಮೊದಲು ಹೋಯಿತು. ಅವಳ ಕೈಯಲ್ಲಿ ಗಾಜಿನ ಬಳೆಗಳಿದ್ದವು, ಹೌದು. ಆದರೆ ಅವು ತೆಗೆಯಲಾಗದೆ ವರ್ಷಗಳಿಂದ ಅಲ್ಲೇ ಕಚ್ಚಿಕೊಂಡಿದ್ದವು ಎನ್ನುವುದು ನನಗೆ ಆಗ ಹೊಳೆಯಿತು. ನನ್ನೊಬ್ಬಳ ಕೈ ಮಾತ್ರ ಎಲ್ಲರ ಎದುರು ರಕ್ತ ಸುರಿಸುತ್ತ ಹೊರಗಿತ್ತು.

ನನಗೆ ನನ್ನ ಗತ್ತು ವಾಪಸು ಬಂತು. ಇಷ್ಟು ದೊಡ್ಡ ಮೈ ಹೊತ್ತು ಚರ್ಚ್‌ಗೇಟಿನ ಜನಜಾತ್ರೆಯಲ್ಲಿ ತಲೆಯೆತ್ತಿ ನಡೆದವಳು ನಾನು, ಒಂದು ಬಳೆಯ ಎದುರು ಸುಳ್ಳು ಹೇಳಿ ಕೂತಿದ್ದೆನಲ್ಲ.

"ಅಮೀನಾ, ಅಳತೆ ಬಳೆ ಉಂಟಲ್ಲ? ತೆಗಿ," ಎಂದೆ.

ಬಳೆಯವರ ಹತ್ತಿರ ಒಂದು ದಾರದಲ್ಲಿ ಪೋಣಿಸಿದ ಹಿತ್ತಾಳೆಯ ಬಳೆಗಳಿರುತ್ತವೆ, ಸಣ್ಣದರಿಂದ ದೊಡ್ಡದಕ್ಕೆ. ಅದು ಪೆಟ್ಟಿಗೆಯ ತಳದಲ್ಲೇ ಇರುತ್ತದೆ. ನಾಲ್ಕು ಜನರ ಎದುರು ಅದನ್ನು ಯಾರೂ ತೆಗೆಸುವುದಿಲ್ಲ.

"ಇಲ್ಲೇನ್ರೀ? ಎಲ್ಲಾರ ಮುಂದ?" ಅಮೀನಾ ಕಣ್ಣು ಅಗಲ ಮಾಡಿದಳು. "ಒಳಗ ಬರ್ರಿ, ನೋಡೂಣು."

"ಒಳಗೆ ಯಾಕೆ? ನಾನು ಒಳಗೆ ಹೋದ್ರೆ ಯಾರಿಗೂ ಕಾಣುದಿಲ್ವಾ?"

ಯಾರೋ ಕಿಸಕ್ಕೆಂದರು. ಅಮೀನಾ ದಾರ ತೆಗೆದಳು. ದೋ ಆಠ್, ಗಂಟಿನಲ್ಲಿ ನಿಂತಿತು. ದೋ ದಸ್, ಅದೂ ನಿಂತಿತು. ದೋ ಬಾರಾ, ಸ್ವಲ್ಪ ಮುಂದೆ ಹೋಗಿ ನಿಂತಿತು. ದಾರದ ಕೊನೆಯ ಬಳೆ ಮಾತ್ರ ಸೋಪಿಲ್ಲದೆ, ಒತ್ತಿಲ್ಲದೆ, ತನ್ನ ಮನೆಗೆ ತಾನು ಹೋದ ಹಾಗೆ ಒಳಗೆ ಹೋಯಿತು.

"ಮೂರು," ಎಂದಳು ಅಮೀನಾ ಪಿಸುಮಾತಿನಲ್ಲಿ.

"ಮೂರು!" ಎಂದೆ ನಾನು, ಗಲ್ಲೆಯಿಂದ ಅಡುಗೆಮನೆಗೆ ಆರ್ಡರ್ ಕೂಗುವ ಗಂಟಲಿನಲ್ಲಿ. "ಈಗ ನಿನ್ನ ಮಗನಿಗೆ ಫೋನ್ ಹಚ್ಚು."

ಫೋನು ಸ್ಪೀಕರಿನಲ್ಲಿ ಹಾಕಿ ಜಮಖಾನದ ನಡುವೆ ಇಟ್ಟಳು. "ಹಾಂ ಅಮ್ಮಿ, ಬೋಲೋ," ಎಂದ ಮುಜಾಹಿದ.

"ಮುಜಾಹಿದ, ನಾನು ಬೊರಿವಲಿಯ ವಿನೋದಿನಿ ಆಂಟಿ. ನನಗೆ ಹಸಿರು ಗಾಜಿನ ಬಳೆ ಬೇಕು. ಸೈಜು ಮೂರು. ಪೂರಾ ಮೂರು."

ಅವನು ನಗುತ್ತಾನೆ ಎಂದು ಕಾದೆ. ಅಂಥದ್ದು ಲೋಕದಲ್ಲೇ ಇಲ್ಲ ಎನ್ನುತ್ತಾನೆ ಎಂದು ಎಲ್ಲರೂ ಕಾದರು.

"ಅದಾವ್ರಿ ಆಂಟಿ," ಎಂದ ಅವನು. "ಸಾದಾ ಬೇಕೋ, ಚಮಕಿದ್ದು ಬೇಕೋ?"

ನಾನು ಫೋನಿನ ಕಡೆ ಬಗ್ಗಿದೆ. "ಅಷ್ಟು ದೊಡ್ಡದು ಅಂಗಡಿಯಲ್ಲಿ ಇಡ್ತೀಯಾ?"

"ಯಾಕಿಲ್ರಿ? ಅಬ್ಬಾ ಇದ್ದಾಗ ದೋ ದಸ್ ಕೇಳಿದ್ರ ಸುದ್ದಾ ಆರ್ಡರ್ ಕೊಟ್ಟ ತರಸ್ತಿದ್ರು. ಈಗ ದೋ ಬಾರಾ, ಮೂರು, ಪೆಟ್ಟಿಗಿ ಪೆಟ್ಟಿಗಿ ಹೊಕ್ಕಾವು. ಸಣ್ಣ ಸೈಜ ಧೂಳ ತಿನ್ನಾಕತ್ತಾವ್ರಿ. ಮಲಾಡದಿಂದ, ಕಾಂದಿವಲಿಯಿಂದ, ಎಲ್ಲಾ ಕಡಿಂದ ಬಂದ ಒಯ್ತಾರ. ಆದ್ರ ಎಲ್ಲಾರೂ ನಮ್ಮ ಅತ್ತಿಗೆ, ನಮ್ಮ ಗೆಳತಿಗೆ ಅಂತ ಕೇಳ್ತಾರ್ರಿ. ನನಗ ಬೇಕು ಅಂತ ಕೇಳಿದವ್ರು ನೀವ ಮೊದಲ."

ನನಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು. ಇಷ್ಟು ವರ್ಷ ನಾನೊಬ್ಬಳೇ ಎಂದುಕೊಂಡಿದ್ದೆ. ಈ ಊರಿನಲ್ಲಿ ಪೆಟ್ಟಿಗೆ ಪೆಟ್ಟಿಗೆ ಸವೆದ ಮಂಡಿಗಳು, ಪೆಟ್ಟಿಗೆ ಪೆಟ್ಟಿಗೆ ಮೂಗಿನ ಮೆಶೀನುಗಳು, ಅಷ್ಟೂ ಹೆಂಗಸರು ಯಾವುದೋ ಗೆಳತಿಯ ಹೆಸರು ಹೇಳಿಕೊಂಡು ತಿರುಗುತ್ತಿದ್ದಾರೆ. ಡಾಕ್ಟರ ಕೆಂಪು ಗೆರೆಯ ಮೇಲೆ ಎಷ್ಟು ಜನ ಇದ್ದಾರೆ ಎನ್ನುವುದು ಡಾಕ್ಟರು ಹೇಳಿದಾಗ ನನ್ನ ತಲೆಗೆ ಹತ್ತಿರಲಿಲ್ಲ. ಮುಜಾಹಿದ ಹೇಳಿದಾಗ ಹತ್ತಿತು.

"ಚಮಕಿದ್ದು ಬೇಡ, ಸಾದಾ ಕಳಿಸು," ಎಂದೆ. "ಎರಡೂ ಕೈಗೆ ತುಂಬ ಆಗ್ಬೇಕು." ಆಮೇಲೆ ಹೆಂಗಸರ ಕಡೆ ತಿರುಗಿದೆ. "ಇಲ್ಲಿ ಯಾರ ಗೆಳತಿಗಾದ್ರೂ ಬೇಕಾ?"

ಮೊದಲು ಡೊಂಬಿವಲಿಯ ಚಿಕ್ಕಮ್ಮ ಸೆರಗಿನಿಂದ ಕೈ ತೆಗೆದಳು. "ನಂಗೆ ದೋ ಬಾರಾ ಹೇಳು ಮಾರಾಯ್ತಿ," ಎಂದಳು. "ಹೋದ ಸಲ ಇವ್ಳು ಇಟ್ಟದ್ದು ತೆಗೀಲಿಕ್ಕೆ ನಾನು ಅರ್ಧ ಬಾಟ್ಲಿ ಎಣ್ಣೆ ಸುರಿದಿದ್ದೆ." ಸೆಕ್ರೆಟರಿಯ ಹೆಂಡತಿ ಮರಾಠಿಯಲ್ಲಿ ತನ್ನದೂ ಹೇಳಿದಳು. ಮಗಳ ಗೆಳತಿಯರು ಒಬ್ಬರ ಕೈ ಒಬ್ಬರು ಎಳೆದು ದಾರದ ಬಳೆಗೆ ತೂರಿಸಿ ನೋಡತೊಡಗಿದರು. ಆಮೇಲೆ ಗಲಾಟೆಯೋ ಗಲಾಟೆ. ಫೋನಿನ ಆ ಕಡೆ ಮುಜಾಹಿದ "ಒಬ್ಬೊಬ್ಬರ ಹೇಳ್ರಿ, ಒಬ್ಬೊಬ್ಬರ!" ಎಂದು ಬೇಡಿಕೊಳ್ಳುತ್ತಿದ್ದ. ಇಡೀ ದಿನ ಗಿರಾಕಿ ತುಂಬಿರುವ ನಮ್ಮ ಹೋಟೆಲಿನಲ್ಲಿಯೂ ಇಷ್ಟು ಖುಷಿಯ ಗದ್ದಲ ನಾನು ಕೇಳಿರಲಿಲ್ಲ.

ಕೊನೆಗೆ ಉಳಿದವಳು ಅಕ್ಕು. ಅವಳು ಮದುವೆಯ ದಿನದ ದೋ ಚಾರ್ ಅನ್ನು ಎಂದೂ ಬಿಟ್ಟವಳಲ್ಲ. ನನ್ನ ಹತ್ತಿರ ಬಂದು ಕೈ ಚಾಚಿದಳು. ಮಣಿಕಟ್ಟಿನಲ್ಲಿ ಬಳೆಗಳು ಕೊರೆದ ಗೆರೆ ಕಪ್ಪಾಗಿತ್ತು.

"ಇದು ತೆಗೀಲಿಕ್ಕೆ ಆಗುದೇ ಇಲ್ಲ ಅತ್ತಿಗೆ," ಎಂದಳು. "ರಾತ್ರಿ ಕೈ ಜೋಮು ಹಿಡೀತದೆ."

ನಾನು ಅವಳಿಗೆ ನಾಲ್ಕು ಮಾತು ಅನ್ನಬಹುದಿತ್ತು. ನಾಲ್ಕಲ್ಲ, ನಲವತ್ತು ತಯಾರಿದ್ದವು. ಆದರೆ ಆ ಗೆರೆ ನೋಡಿದ ಮೇಲೆ ಯಾವುದೂ ಬಾಯಿಗೆ ಬರಲಿಲ್ಲ. "ಅಕ್ಕುವಿಗೆ ದೋ ದಸ್," ಎಂದು ಫೋನಿಗೆ ಹೇಳಿದೆ. ಅಮೀನಾ ಎಣ್ಣೆ ಹಚ್ಚಿ, ಬಹಳ ಹೊತ್ತು ತೆಗೆದುಕೊಂಡು, ಹಳೆಯ ಬಳೆಗಳನ್ನು ಒಂದೂ ಒಡೆಯದೆ ಬಿಡಿಸಿದಳು. ಅವಳ ಜಂಭವೂ ವಾಪಸು ಬಂತು.

ಮುಜಾಹಿದ ಅಂಗಡಿಗೆ ಶಟರ್ ಎಳೆದು, ಲೋಕಲ್ ಹತ್ತಿ, ಎರಡು ಪೆಟ್ಟಿಗೆ ಹೊತ್ತುಕೊಂಡು ತಾನೇ ಬಂದ. ಅಮೀನಾ ನನ್ನ ಕೈಗೆ ಹಸಿರು ಬಳೆ ಏರಿಸಿದಳು. ಸೋಪು ಬೇಕಾಗಲಿಲ್ಲ. ಒಂದೊಂದೇ ಹೋಗಿ ಮಣಿಕಟ್ಟಿನಲ್ಲಿ ಆಚೀಚೆ ಓಡಾಡಿದವು. ನಾನು ಕೈ ಎತ್ತಿದೆ, ಘಲ್ ಎಂದವು. ಬಳೆ ಸದ್ದು ಮಾಡಬೇಕಾದರೆ ಅದಕ್ಕೆ ಕೈಯಲ್ಲಿ ಜಾಗ ಬೇಕು. ಬಿಗಿದ ಬಳೆ ಮೂಕಿ. ಇಷ್ಟು ಸಣ್ಣ ವಿಷಯ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಬಳೆ ಇಟ್ಟವಳಿಗೆ ಕೈಮುಗಿಯುವುದು ಪದ್ಧತಿ. ನಾನು ಮುಗಿದಾಗ ಅಮೀನಾ ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ಯಕ್ಷಿತಾ ನನ್ನ ಕೈಯನ್ನೇ ನೋಡುತ್ತಿದ್ದಳು.

ಮದುವೆಯ ದಿನ ಮಂಟಪದಲ್ಲಿ ಯಾರೋ ನನಗೆಂದು ಒಂದು ಕುರ್ಚಿ ತಂದಿಟ್ಟಿದ್ದರು. ಕೈಯಿಲ್ಲದ ಕುರ್ಚಿ, ನಮ್ಮವರ ಕೆಲಸವೇ ಇರಬೇಕು. ನಾನು ಅದನ್ನು ಕಾಲಿನಿಂದ ಹಿಂದೆ ತಳ್ಳಿದೆ. ಭಟ್ಟರು ಸಂಕಲ್ಪ ಶುರು ಮಾಡಿದರು. ಗೋತ್ರ, ಅಜ್ಜ, ಮುತ್ತಜ್ಜ ಎಂದು ಎರಡೂ ಕಡೆಯವರನ್ನು ಸ್ವರ್ಗದಿಂದ ಕರೆಸುವಷ್ಟರಲ್ಲಿ ನನ್ನ ಮಂಡಿ ಉರಿಯತೊಡಗಿತು. ಬೆನ್ನಿನಲ್ಲಿ ಬೆವರು ಇಳಿಯಿತು. ಎದುರು ಸಾಲಿನಲ್ಲಿ ಗಂಡಿನ ಕಡೆಯವರು ನನ್ನನ್ನು ನೋಡುತ್ತಿದ್ದರು. ನೋಡಲಿ, ನೋಡುವುದಕ್ಕೆ ಬೇಕಾದಷ್ಟು ಇದ್ದೇನೆ. ಇವರು ಈ ಸಲ ಫ್ಯಾನು ನೋಡಲಿಲ್ಲ. ತಮ್ಮ ಭುಜವನ್ನು ನನ್ನ ಭುಜಕ್ಕೆ ತಾಗಿಸಿ ನಿಂತರು.

ಒಮ್ಮೆ ಮಂಡಿ ಕುಸಿಯಲು ಹೊರಟಿತು. ಆಗ ಹಿಂದಿನಿಂದ ನನ್ನ ನಡುವಿಗೆ ಎರಡು ಕೈ ಒತ್ತಿ ಹಿಡಿದವು. ಹೊಸ ಬಳೆಗಳ ಸದ್ದು ಬೆನ್ನಿನಲ್ಲೇ ಕೇಳಿಸಿತು.

"ಹಿಂದೆ ನಾನುಂಟು ಅತ್ತಿಗೆ," ಎಂದಳು ಅಕ್ಕು. "ನೀವು ಎರೆಯಿರಿ."

ಭಟ್ಟರು ಗಿಂಡಿ ಕೊಟ್ಟರು. ಗಂಡಿನ ಅಂಗೈ ಮೇಲೆ ಯಕ್ಷಿತಾಳ ಅಂಗೈ ಇತ್ತು. ಮಲ್ಲಿಗೆಯ ಭಾರಕ್ಕೆ ಅವಳ ತಲೆ ಬಗ್ಗಿತ್ತು, ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ನಾನು ಗಿಂಡಿ ಎತ್ತಿದೆ. ಬಳೆಗಳೆಲ್ಲ ಒಮ್ಮೆಗೇ ಮೊಣಕೈಯ ಕಡೆ ಜಾರಿ, ಒಂದಕ್ಕೊಂದು ತಾಗಿ, ಘಲ್ಲೆಂದವು. ವಾಲಗದವರು ಇನ್ನೂ ಊದಲು ಶುರು ಮಾಡಿರಲಿಲ್ಲ. ಇಡೀ ಹಾಲಿಗೆ ಕೇಳಿಸಿತು.

ಮಗಳ ಬೆರಳು ಅಲುಗಿತು. ಬಗ್ಗಿಸಿದ ತಲೆಯನ್ನು ಎತ್ತದೆಯೇ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

"ಅಮ್ಮಾ, ಟೀವಿ ಬಂದ್ ಮಾಡ್ದೆ."

ನನ್ನ ಕಣ್ಣು ತುಂಬಿ ಗಿಂಡಿಯ ಬಾಯಿ ಮಂಜಾಯಿತು.

"ಪುಸ್ತಕ ತೆಗಿ," ಎಂದೆ, ನೀರು ಬಿಟ್ಟೆ.